ಊರು ಬದಲಿಸಿದರೆ ದುಃಖ ಬಿಟ್ಟೀತೆ?

ಟ್ರೇಸಿ ಡಿಯಾನ್ ಅವರ ‘ಲೆಜೆಂಡ್‌ಬಾರ್ನ್’ (2020) ಓದಿ ಮುಗಿಸಿದೆ. ಅದರ ನಾಯಕಿ ಬ್ರೀ, 16ರ ಕಪ್ಪು ಹುಡುಗಿ. ಅಮ್ಮ ಕಾರು ಅಪಘಾತದಲ್ಲಿ ಹೋಗಿಬಿಟ್ಟಿದ್ದಾಳೆ. ಅದಕ್ಕೂ ಮುಂಚೆ ಇಬ್ಬರಿಗೂ ಜಗಳವಾಗಿತ್ತು, ಅದೂ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ವಿಷಯಕ್ಕೇ. ಈಗ ಹೊಸ ಬದುಕು ಹುಡುಕಿಕೊಂಡು ಅಲ್ಲಿಗೇ ಹೊರಟಿದ್ದಾಳೆ.

ಅಲ್ಲಿ ಆರ್ಥರ್ ರಾಜನ ವೀರರ ವಂಶಸ್ಥರದೊಂದು ಗುಪ್ತ ಸಂಘ, ರಾಕ್ಷಸರು, ನೆನಪು ಅಳಿಸುವ ಮಾಂತ್ರಿಕ. ಅವನ ಮಂತ್ರ ಇವಳಿಗೆ ನಾಟುವುದಿಲ್ಲ. ಬದಲಿಗೆ, ಅಮ್ಮ ಸತ್ತ ರಾತ್ರಿ ಆಸ್ಪತ್ರೆಯಲ್ಲಿ ಅಂಥವನೇ ಒಬ್ಬ ಇದ್ದದ್ದು ನೆನಪಾಗುತ್ತದೆ!

ನನ್ನನ್ನು ಹಿಡಿದಿಟ್ಟದ್ದು ಕತ್ತಿವರಸೆಯಲ್ಲ. ಶತಮಾನಗಳ ವಂಶಾವಳಿ ಒಪ್ಪಿಸುವ ಬಿಳಿಯ ಮನೆತನಗಳ ನಡುವೆ, ಗುಲಾಮಗಿರಿಯಲ್ಲಿ ಹೆಸರೇ ಕಳೆದುಹೋದ ಅಜ್ಜಿಯಂದಿರ ಮೊಮ್ಮಗಳು ನಿಂತಿರುತ್ತಾಳಲ್ಲ, ಅದು. ಆ ಅಜ್ಜಿಯಂದಿರ ಕಡೆಯಿಂದಲೂ ಒಂದು ವಿದ್ಯೆ ಹರಿದುಬಂದಿದೆ. ಅಲ್ಲಿ ಶಕ್ತಿಯನ್ನು ಕಸಿಯುವಂತಿಲ್ಲ, ಹಿರಿಯರಲ್ಲಿ ಕೇಳಿ ಪಡೆಯಬೇಕು.

ಡಿಯಾನ್ ಕೂಡ ತಾಯಿಯನ್ನು ಕಳೆದುಕೊಂಡವರು. ಅದಕ್ಕೇ ಇರಬೇಕು, ಇಲ್ಲಿ ಬ್ರೀಯ ದುಃಖವನ್ನು ಬೇಗ ಮುಗಿಸಲು ಹೊರಟವರು ಯಾರೂ ಗೆಲ್ಲುವುದಿಲ್ಲ.

ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳಿಗೆ ‘ಓದಿನ ಕಡೆ ಗಮನ ಕೊಡು’ ಅನ್ನುವ ಮೊದಲು, ದಯವಿಟ್ಟು ಈ ಪುಸ್ತಕ ಓದಿ.