ಪಾಲಮಿನ ಬಯಲಿನಲ್ಲಿ ಲಿಬರೇಟರು

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನಮ್ಮ ಸೆಕ್ಷನ್ನಿನ ಮೇಲಧಿಕಾರಿಗಳಿಗೆ ಅಂಚೆಚೀಟಿಯ ಹುಚ್ಚು, ಎದುರು ಮನೆಯ ಬಂಗಾಳಿ ಬಾಬುವಿಗೆ ಗಾಳ ಹಾಕುವ ಹುಚ್ಚು, ನಮಗೆ ವಿಮಾನದ ಹುಚ್ಚು. ಹತ್ತಿ ಓಡಾಡುವ ಹುಚ್ಚೆಂದು ಓದುಗರು ಭ್ರಮಿಸಬಾರದು. ಗುಮಾಸ್ತರ ಸಂಬಳದಲ್ಲಿ ಊರಿಗೆ ಹೋಗಿಬರಲು ನಾವು ಇಂದಿಗೂ ಕರ್ನಾಟಕ ಎಕ್ಸ್‌ಪ್ರೆಸ್ಸನ್ನೇ ನಂಬಿದವರು. ನೆಲದ ಮೇಲೆ ನಿಂತು ಕತ್ತು ನೋಯುವವರೆಗೆ ಮೇಲೆ ನೋಡುವುದು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವುದು, ಇಷ್ಟೇ ನಮ್ಮ ವ್ಯಸನ.

ರಾಮಕೃಷ್ಣಪುರದಲ್ಲಿ ಸರ್ಕಾರಿ ಮನೆ ಸಿಕ್ಕಿದ ಮೇಲೆ ಇದು ಇನ್ನಷ್ಟು ಬಲಿಯಿತು. ಪಾಲಮ್ ವಿಮಾನ ನಿಲ್ದಾಣ ಅಲ್ಲಿಂದ ದೂರವಲ್ಲ. ತಾರಸಿಗೆ ಬಟ್ಟೆ ಹರವಲು ಹೋದ ನಮ್ಮಾಕೆ ಹತ್ತು ನಿಮಿಷದಲ್ಲಿ ಇಳಿದು ಬರುತ್ತಾಳೆ; ಒಣಗಿದ್ದನ್ನು ತರಲು ಹೋದ ನಾವು ದೀಪ ಹಚ್ಚುವ ಹೊತ್ತಾದರೂ ಇಳಿಯುವುದಿಲ್ಲ. ಹತ್ತು ವರ್ಷದ ಮಗ ಪುಟ್ಟನಿಗೂ ಇದು ಅಂಟಿದೆ. ಜನವರಿಯಲ್ಲಿ ಗಣರಾಜ್ಯೋತ್ಸವದ ತಾಲೀಮು ಶುರುವಾಯಿತೆಂದರೆ ನಮಗಿಬ್ಬರಿಗೂ ಜಾತ್ರೆ. ಹೆಲಿಕಾಪ್ಟರುಗಳ ಜಾತಿ ಹಿಡಿಯಲು ಅವನೊಂದು ಸುಲಭದ ದಾರಿ ಕಂಡುಕೊಂಡಿದ್ದಾನೆ. ನೆತ್ತಿಯ ಮೇಲೆ ತಿರುಗುವ ಅಲಗು ಐದಾದರೆ ರಷ್ಯದ ಎಂಐ-17, ನಾಲ್ಕಾದರೆ ನಮ್ಮ ಬೆಂಗಳೂರಿನ ಧ್ರುವ, ಮೂರೇ ಆದರೆ ಹಳೆಯ ಚೇತಕ್. ತಿರುಗುವಾಗ ಅಲಗನ್ನು ಎಣಿಸುವುದು ಹೇಗೆಂದು ಕೇಳಿದರೆ, "ಶಬ್ದದಲ್ಲೇ ಗೊತ್ತಾಗುತ್ತೆ ಅಪ್ಪ" ಎನ್ನುತ್ತಾನೆ. ಮಗ್ಗಿಯಲ್ಲಿ ಈ ಜಾಣತನ ಕಾಣೆವು.

ಅವನ ಪುಸ್ತಕಕ್ಕೆ ತಾಯಿ ಹಾಕಿದ ಕರಾರು ಒಂದೇ. ಏನೇ ಬರೆದರೂ ಕನ್ನಡದಲ್ಲಿ ಬರೆಯಬೇಕು. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಕನ್ನಡದ ಅಕ್ಷರ ಕೈಗೆ ಹತ್ತಬೇಕಾದರೆ ಬೇರೆ ಉಪಾಯವಿಲ್ಲ. ಈ ಕರಾರಿನಿಂದ ಒಮ್ಮೆ ಪೇಚಿಗೂ ಸಿಕ್ಕಿದೆವು. ಮಹಿಪಾಲಪುರದ ಬಳಿ ರಸ್ತೆಯ ಬದಿ ದುರ್ಬೀನು ಹಿಡಿದು ನಿಂತಿದ್ದಾಗ ಪೊಲೀಸಿನವರೊಬ್ಬರು ಬಂದು ಪುಸ್ತಕ ಕೇಳಿದರು. ದಿನಾಂಕ, ಹೊತ್ತು, ಅಂಕೆ. ಉಳಿದುದೆಲ್ಲ ಅವರಿಗೆ ಅರ್ಥವಾಗದ ಗುಂಡುಗುಂಡು ಬರಹ. ಗುಪ್ತಲಿಪಿ ಸಿಕ್ಕಿತೆಂದು ಅವರ ಮುಖ ಅರಳಿತು. ಇದು ಲಿಪಿಯೇ ಹೌದು, ಗುಪ್ತವಲ್ಲ, ಕೋಟ್ಯಂತರ ಜನ ದಿನವೂ ಬರೆಯುವಂಥದು ಎಂದು ವಿವರಿಸಿ, ಕಚೇರಿಯ ಗುರುತಿನ ಚೀಟಿ ತೋರಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಅವರನ್ನು ತಪ್ಪು ಹೇಳಲಾರೆವು. 2010ರಲ್ಲಿ ದೆಹಲಿಯ ವಿಮಾನ ನಿಲ್ದಾಣದ ಬಳಿ ಹೋಟೆಲಿನಲ್ಲಿದ್ದು ಇದೇ ಹವ್ಯಾಸ ನಡೆಸುತ್ತಿದ್ದ ಇಬ್ಬರು ಬ್ರಿಟಿಷರು ಸೆರೆಮನೆಯನ್ನೂ ಕಂಡು, ದಂಡ ತೆತ್ತು ಊರು ಸೇರಿದರು. ಅಂದಿನಿಂದ ನಾವು ತಾರಸಿ ಬಿಟ್ಟು ಕದಲಿದರೆ ಅನುಮತಿಯಿರುವ ಜಾಗಗಳಿಗೆ ಮಾತ್ರ.

2024ರ ಏಪ್ರಿಲ್ ಕೊನೆಯಲ್ಲಿ ರಜೆ ಹಾಕಿ ಭೀಮತಾಲಿಗೆ ಹೋಗಿದ್ದೆವು. ಕೆರೆ, ಅದರ ನಡುವೆ ಪುಟ್ಟ ದ್ವೀಪ, ಸುತ್ತ ಬೆಟ್ಟ. ತಣ್ಣನೆಯ ಗಾಳಿಯ ಆಸೆಯಿಂದ ಹೋದವರಿಗೆ ಸಿಕ್ಕಿದ್ದು ಹೊಗೆಯ ವಾಸನೆ. ನೈನಿತಾಲಿನ ಸುತ್ತಿನ ಪೈನ್ ಕಾಡು ಹೊತ್ತಿಕೊಂಡಿತ್ತು. ಶನಿವಾರ ವಾಯುಪಡೆಯ ಎಂಐ-17 ಒಂದು ಬಂದು ಕೆರೆಯ ಮೇಲೆ ನಿಂತಿತು. ಕೆಳಗೆ ಉದ್ದನೆಯ ಹಗ್ಗಕ್ಕೆ ತೂಗುಬಿಟ್ಟ ಕಿತ್ತಳೆ ಬಣ್ಣದ ಚೀಲ. ಬಾಂಬಿ ಬಕೆಟ್ಟೆಂದು ಅದರ ಹೆಸರು. ಬಾವಿಗೆ ಬಿಟ್ಟ ಕೊಡದಂತೆ ಅದು ಮಗುಚಿ, ಮುಳುಗಿ, ಮೂರು ಸಾವಿರ ಲೀಟರಿಗೂ ಮಿಕ್ಕಿ ನೀರು ತುಂಬಿಕೊಂಡು ಎದ್ದಿತು. ಬೆಂಕಿಯ ಮೇಲೆ ಹೋದಾಗ ಒಳಗಿನವರು ತಳದ ಬಾಯಿ ತೆರೆಯುತ್ತಾರೆ, ನೀರು ಒಮ್ಮೆಗೇ ಸುರಿಯುತ್ತದೆ. ಅಲಗಿನ ಗಾಳಿಗೆ ಕೆರೆಯ ನೀರು ಎರಚಿ ದಡದ ಮೇಲಿದ್ದ ನಮ್ಮ ಮುಖಕ್ಕೂ ಬಿತ್ತೆಂದರೆ ನಂಬಬೇಕು.

ಕೆನಡಾದವರ ವಿಮಾನ ಕೆರೆಯ ಮೇಲೆ ಜಾರುತ್ತಲೇ ಹನ್ನೆರಡು ಸೆಕೆಂಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತದೆಂದು ಪುಟ್ಟ ತನ್ನ ವಿದ್ವತ್ತು ತೋರಿಸಿದ. ನಮ್ಮಾಕೆ ಮಾತ್ರ ಸುಮ್ಮನಿದ್ದವಳು, "ನಮ್ಮ ಬಂಡೀಪುರಕ್ಕೂ ಇದೇ ಬಂದಿತ್ತು ಅಲ್ಲವೇ?" ಎಂದಳು. ಅವಳ ತವರು ಗುಂಡ್ಲುಪೇಟೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಕಾಡು ಉರಿಯುತ್ತಿದ್ದಾಗ ಅವಳು ದಿನಕ್ಕೆ ನಾಲ್ಕು ಸಲ ಅಣ್ಣನಿಗೆ ಫೋನು ಮಾಡಿದ್ದಳು. ಕೊನೆಗೆ ಸೂಲೂರಿನಿಂದ ಇಂಥವೇ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಅಂದಿನಿಂದ ನಮ್ಮ ಹುಚ್ಚನ್ನು ಅವಳು ಆಡಿಕೊಂಡದ್ದಿಲ್ಲ. ಬಟ್ಟೆಯ ವಿಷಯ ಬೇರೆ.

ಆ ರಾತ್ರಿ ಭೀಮತಾಲಿನಿಂದಲೇ ಬೆಂಗಳೂರಿಗೆ ಫೋನು ಮಾಡಿ ನಮ್ಮ ತೀರ್ಥರೂಪರಿಗೆ ಇದನ್ನೆಲ್ಲ ವರ್ಣಿಸಿದೆವು. "ಹೌದೇನು. ಅಲ್ಲಿ ಚಳಿ ಇದೆಯೋ?" ಎಂದರು. ವಿಮಾನದ ಮಾತೆತ್ತಿದರೆ ಅವರದು ಯಾವಾಗಲೂ ಹೀಗೆಯೇ. ಹುಟ್ಟಿ ಬೆಳೆದದ್ದು ವಿಮಾನಪುರದಲ್ಲಿ. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವರು. ಆದರೂ ಬ್ಯಾಂಕಿನ ಕೆಲಸ ಹಿಡಿದರು, ಎಪ್ಪತ್ತು ವರ್ಷ ತಲೆಯೆತ್ತಿ ಒಂದು ವಿಮಾನ ನೋಡಲಿಲ್ಲ. ಕಾರಣ ನಮ್ಮ ಅಜ್ಜ.

ಅಜ್ಜ 1943ರಲ್ಲಿ ಹದಿನೇಳು ವರ್ಷದ ಹುಡುಗನಾಗಿ ಹಿಂದೂಸ್ಥಾನ್ ಏರ್‌ಕ್ರಾಫ್ಟಿಗೆ ಸೇರಿದರು. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಕಟ್ಟಿದ ಕಾರ್ಖಾನೆ ಅದು; ಯುದ್ಧ ಹತ್ತಿರ ಬಂದಾಗ ಅಮೆರಿಕನ್ನರು ತಮ್ಮ ವಿಮಾನಗಳ ರಿಪೇರಿಗೆ ಅದನ್ನು ಬಳಸಿಕೊಂಡರು. ಅಜ್ಜನದು ರಿವೆಟ್ಟಿನ ಕೆಲಸ. ಅದಕ್ಕೆ ಇಬ್ಬರು ಬೇಕು. ಹೊರಗಿನವನು ಗನ್ನಿನಿಂದ ಮೊಳೆಯ ತಲೆಗೆ ಬಡಿಯುತ್ತಾನೆ. ಒಳಗಿನವನು ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಅದರ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಬಾಲ ಚಪ್ಪಟೆಯಾಗಿ ಎರಡು ತಗಡು ಬೆಸೆಯುತ್ತವೆ. ಅಜ್ಜ ಸಣ್ಣ ಆಳು. ರೆಕ್ಕೆಯ ಒಳಗೆ, ಬಾಲದ ಸಂದಿಯೊಳಗೆ ನುಸುಳಬಲ್ಲವರೆಂದು ಅವರನ್ನೇ ಒಳಗೆ ಕಳಿಸುತ್ತಿದ್ದರಂತೆ. ತಗಡಿನ ಡಬ್ಬದೊಳಗೆ ಕುಳಿತು ಹೊರಗಿನಿಂದ ಬಡಿಸಿಕೊಂಡಂತೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಅದೇ ದೊಡ್ಡದು. ಮೂವತ್ತೈದು ತುಂಬುವ ಹೊತ್ತಿಗೆ ಎರಡೂ ಕಿವಿ ಹೋದವು.

ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡಬೇಕು. ಗುಟ್ಟು ಎಂಬುದೇ ಇಲ್ಲ. ಅಜ್ಜನಿಗೆ ಹೇಳಿದ್ದು ಬೀದಿಗೆಲ್ಲ ತಿಳಿಯಿತು. ಒಮ್ಮೆ ಶಾಲೆಯಲ್ಲಿ ಮೇಷ್ಟರು ಅಜ್ಜನನ್ನು ಕರೆಸಿ ಹುಡುಗ ಲೆಕ್ಕದಲ್ಲಿ ಮೊದಲು ಬಂದಿದ್ದಾನೆಂದು ಹೇಳಿದರಂತೆ. ಕೇಳಿಸದ ಅಜ್ಜ, ದೂರು ಹೇಳುತ್ತಿದ್ದಾರೆಂದು ತಿಳಿದು, ಎಲ್ಲರ ಮುಂದೆ ಮಗನ ಕೆನ್ನೆಗೆ ಬಾರಿಸಿದರು. ಇದನ್ನು ತೀರ್ಥರೂಪರು ನಮಗೆ ಹೇಳಿದವರಲ್ಲ. ನಮ್ಮ ಸೋದರತ್ತೆ ಹೇಳಿದ್ದು. 1996ರಲ್ಲಿ ಅಜ್ಜ ತೀರಿಕೊಂಡಾಗ ನಮಗೆ ಎಂಟು ವರ್ಷ. ಅವರು ನಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಒಂದೇ ಕಥೆ, ಸತ್ತ ವಿಮಾನಗಳಿಗೆ ಜೀವ ಬರಿಸಿದ ಕಥೆ. ಅಜ್ಜಿ ಒಳಗಿನಿಂದ, "ಮತ್ತೆ ಶುರುವಾಯ್ತು" ಎನ್ನುತ್ತಿದ್ದರು.

ಆ ಕಥೆ ಸುಳ್ಳಲ್ಲ. ನಾಲ್ಕು ಎಂಜಿನಿನ, ಜೋಡಿ ಬಾಲದ ಲಿಬರೇಟರ್ ಎಂಬ ಅಮೆರಿಕನ್ ಬಾಂಬರುಗಳು ಎರಡನೆಯ ಮಹಾಯುದ್ಧದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಬಳಿ ಇದ್ದವುಗಳಲ್ಲಿ ಅನೇಕವನ್ನು ಕಾನ್ಪುರದಲ್ಲಿ ರಾಶಿ ಹಾಕಿ, ಯಾರೂ ಮತ್ತೆ ಹಾರಿಸದಂತೆ ಕೆಡಿಸಿ ಹೋದರು. ಎಂಜಿನಿಗೆ ಮರಳು ಸುರಿದಿದ್ದರೆಂದೂ ಹೇಳುತ್ತಾರೆ. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳಿಲ್ಲ, ಕೊಳ್ಳಲು ಹಣವಿಲ್ಲ. ಆ ರಾಶಿಯಿಂದಲೇ ನಲವತ್ತಕ್ಕೂ ಮೇಲ್ಪಟ್ಟು ವಿಮಾನಗಳನ್ನು ಆರಿಸಿ, ಹಾರುವಷ್ಟು ಮಾತ್ರ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದರು. ಈ ಕೆಲಸದಲ್ಲಿ ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್ಶೆದ್ ಮುನ್ಶಿಯವರ ಹೆಸರು ನಿಂತಿದೆ. ಬೆಂಗಳೂರಿನಲ್ಲಿ ಬಿಚ್ಚಿ, ತೊಳೆದು, ಮತ್ತೆ ಕಟ್ಟಿದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಅವುಗಳಿಂದಲೇ ಹುಟ್ಟಿತು. ಮುಂದೆ 6ನೆಯ ಸ್ಕ್ವಾಡ್ರನ್ನಿನವರು ಅವನ್ನು ಸಮುದ್ರ ಕಾಯಲು ಬಳಸಿದರು. 1968ರ ಕೊನೆಯ ತನಕ ಅವು ಸೇವೆಯಲ್ಲಿದ್ದವು. ಗುಜರಿಗೆ ಹಾಕಿದ ಮೇಲೆ ಇಪ್ಪತ್ತು ವರ್ಷ!

ಇನ್ನೂ ದೊಡ್ಡ ಸೋಜಿಗವೆಂದರೆ, ಅಷ್ಟು ಸಾವಿರದಲ್ಲಿ ಇಂದು ಬೆರಳೆಣಿಕೆಯಷ್ಟು ಉಳಿದಿವೆ. ಉಳಿದವುಗಳಲ್ಲಿ ಹಲವು ಭಾರತದಿಂದ ಹೋದವು. ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯದಲ್ಲಿರುವುದು, ಕೆನಡಾದ ಅಟ್ಟಾವದಲ್ಲಿರುವುದು, ಅಮೆರಿಕದ ಅರಿಜೋನದಲ್ಲಿರುವುದು, ಇವೆಲ್ಲ ನಮ್ಮ ವಾಯುಪಡೆಯಲ್ಲಿದ್ದವು. ಇನ್ನೊಂದನ್ನು ಅಮೆರಿಕದಲ್ಲಿ ಮತ್ತೆ ಸಜ್ಜುಗೊಳಿಸಿ 1989ರಿಂದ ಬಹುಕಾಲ ಹಾರಿಸಿದರು. ಒಂದನ್ನು ನಾವೂ ಇಟ್ಟುಕೊಂಡೆವು. ಅದಿರುವುದು ದೆಹಲಿಯಲ್ಲಿ, ಪಾಲಮಿನ ವಾಯುಪಡೆ ಸಂಗ್ರಹಾಲಯದಲ್ಲಿ.

ಅದೇ ಡಿಸೆಂಬರಿನಲ್ಲಿ ತೀರ್ಥರೂಪರು ಮೊಮ್ಮಗನ ಒತ್ತಾಯಕ್ಕೆ ದೆಹಲಿಗೆ ಬಂದರು. ಒಂದು ಭಾನುವಾರ ಪುಟ್ಟ, "ತಾತ, ನೀವು ಬರದಿದ್ದರೆ ನಾನೂ ಹೋಗಲ್ಲ" ಎಂದು ಕುಳಿತ. ನಾವು ಕರೆದಿದ್ದರೆ ಖಂಡಿತ ಬರುತ್ತಿರಲಿಲ್ಲ. ಮಂಕಿ ಟೋಪಿ, ಮಫ್ಲರು, ಅದರ ಮೇಲೆ ನಮ್ಮಾಕೆಯ ಶಾಲು ಹೊದ್ದು ಹೊರಟರು.

ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ಕುಟುಂಬಸಮೇತ ಹೋಗುವವರು ಸೋಮವಾರ, ಮಂಗಳವಾರ ಬಿಟ್ಟು ಹೋಗಬೇಕು. ಒಳಗೆ ವಾಪಿಟಿ ಎಂಬ ಎರಡಂತಸ್ತು ರೆಕ್ಕೆಯ ವಿಮಾನವಿದೆ. 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಆರಂಭವಾದದ್ದು ಇಂಥ ನಾಲ್ಕರಿಂದ. ಜಗತ್ತಿನಲ್ಲಿ ಈಗ ಇಡಿಯಾಗಿ ಉಳಿದಿರುವುದು ಇದೊಂದೇ. ಸ್ಪಿಟ್‌ಫೈರ್, ಹರಿಕೇನ್ ನೋಡಿ ಪುಟ್ಟ ಕುಣಿದ. ಹೊರಗೆ ದೊಡ್ಡವು ನಿಂತಿವೆ. ಬೆನ್ನ ಮೇಲೆ ಹೆಚ್ಚಿಗೆ ಒಂದು ಜೆಟ್ ಎಂಜಿನು ಹೊತ್ತ ಪ್ಯಾಕೆಟ್ ಇದೆ. ಹಿಮಾಲಯದ ಎತ್ತರದ ನಿಲ್ದಾಣಗಳಿಂದ ಏಳಲು ಆ ಏರ್ಪಾಟು. ಈ ಎಲ್ಲದರ ಮುಂದೆಯೂ ತೀರ್ಥರೂಪರು, "ಬಿಸಿಲಿಗೆ ನಿಲ್ಲೋಣ ಬಾ" ಎಂದಷ್ಟೇ ಹೇಳುತ್ತಿದ್ದರು.

ಲಿಬರೇಟರಿನ ಬಳಿಯೂ ನಾವು ಏನೂ ಹೇಳಲಿಲ್ಲ. ಎಚ್‌ಇ 924 ಎಂದು ಮೈಮೇಲೆ ಅಂಕೆ. ರೆಕ್ಕೆ ತುದಿಯಿಂದ ತುದಿಗೆ 110 ಅಡಿ. ನಾಲ್ಕು ಎಂಜಿನು, ಒಂದೊಂದಕ್ಕೆ 1,200 ಕುದುರೆಯ ಬಲ. ಬಾಂಬು ಇಳಿಸುವ ಹೊಟ್ಟೆಯ ಬಾಗಿಲು ನಮ್ಮ ಅಂಗಡಿಗಳ ಷಟರಿನ ಹಾಗೆ ಮೇಲಕ್ಕೆ ಸುತ್ತಿಕೊಳ್ಳುವಂಥದು. ಹತ್ತಿರ ಹೋದರೆ ಕಾಣುವುದು ತಗಡಿನ ಮೇಲಿನ ರಿವೆಟ್ಟಿನ ಸಾಲು. ಒಂದು ಲಿಬರೇಟರಿಗೆ ಮೂರು ಲಕ್ಷಕ್ಕೂ ಮಿಕ್ಕಿ ರಿವೆಟ್ಟಂತೆ.

ತೀರ್ಥರೂಪರು ರೆಕ್ಕೆಯ ಕೆಳಗೆ ನಿಂತರು. ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತಾಯಿತು. ಕೊನೆಗೆ, "ಈ ಸಂದಿಯೊಳಗೆ ಒಬ್ಬ ಮನುಷ್ಯ ಹೇಗೋ ಹೋಗುತ್ತಿದ್ದ?" ಎಂದರು. ಎಂದದ್ದಲ್ಲ, ಕೂಗಿದರು. ಪಹರೆಯವನು ತಿರುಗಿ ನೋಡಿದ, ಇಬ್ಬರು ಸರ್ದಾರ್ಜಿಗಳು ತಿರುಗಿ ನೋಡಿದರು. ಪುಟ್ಟ ಗಾಬರಿಯಾಗಿ, "ತಾತ, ಯಾಕೆ ಕೂಗ್ತೀರಿ?" ಎಂದ. ನಮಗೆ ಗೊತ್ತಾಯಿತು. ಅದು ವಿಮಾನಪುರದ ಮನೆಯ ದನಿ. ಇಪ್ಪತ್ತೆಂಟು ವರ್ಷದಿಂದ ಅವರು ಆ ದನಿಯಲ್ಲಿ ಮಾತಾಡಿರಲಿಲ್ಲ.

ಅವರಿಗೂ ತಿಳಿದಿರಬೇಕು. ಮೆಲ್ಲಗೆ ಪುಟ್ಟನ ಹೆಗಲ ಮೇಲೆ ಕೈಯಿಟ್ಟು, ಗನ್ನು ಎಲ್ಲಿಂದ, ಡಾಲಿ ಎಲ್ಲಿಂದ, ಬಾಲ ಸೊಟ್ಟಗಾದ ರಿವೆಟ್ಟನ್ನು ಕೊರೆದು ತೆಗೆಯುವುದು ಹೇಗೆ, ಇನ್‌ಸ್ಪೆಕ್ಟರು ಬಂದಾಗ ಅಜ್ಜ ಏನೆಂದು ಸಬೂಬು ಹೇಳುತ್ತಿದ್ದರು, ಎಲ್ಲ ಹೇಳತೊಡಗಿದರು. ಇಷ್ಟನ್ನೂ ಅವರು ಬಲ್ಲರೆಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ. ಪುಟ್ಟ ಕೇಳಿದ: "ಮುತ್ತಜ್ಜ ಹೊಡೆದ ರಿವೆಟ್ಟು ಇದರಲ್ಲಿದೆಯಾ?"

ನಲವತ್ತರಲ್ಲಿ ಯಾವುದಕ್ಕೆ ಯಾರ ಕೈ ತಾಗಿತ್ತೋ ಬರೆದಿಟ್ಟವರಿಲ್ಲ. ಹೌದೆಂದುಬಿಡಲು ನಮ್ಮ ನಾಲಗೆಯ ತುದಿಯವರೆಗೆ ಬಂದಿತ್ತು. ತೀರ್ಥರೂಪರು ಬ್ಯಾಂಕಿನಲ್ಲಿ ಲೆಕ್ಕ ಬರೆದವರು. "ಇರಬಹುದು, ಇಲ್ಲದೆಯೂ ಇರಬಹುದು ಮಗು. ಹೊಡೆದವರು ಬೇರೆ, ಅವರು ಹಿಡಿದುಕೊಂಡವರು" ಎಂದರು.

ಮನೆಗೆ ಬಂದು ಕಾಫಿ ಕುಡಿದು ಮಲಗಿದರು. ರಾತ್ರಿ ಪುಟ್ಟನ ಪುಸ್ತಕ ನೋಡಿದೆವು. "ಯಾರು ಮೊದಲು ಕಂಡರು" ಎಂಬ ಕಡೆ ತನ್ನ ಹೆಸರು ಬರೆದು, ಹೊಡೆದುಹಾಕಿ, ತಾತನ ಹೆಸರು ಬರೆದಿದ್ದ. ಒಂದು ಒತ್ತಕ್ಷರ ತಪ್ಪಿತ್ತು.

ಸಂಕ್ರಾಂತಿಯ ಹೊತ್ತಿಗೆ ತೀರ್ಥರೂಪರು ಬೆಂಗಳೂರಿಗೆ ಮರಳಿದರು. ವಾರ ಕಳೆದು ಅವರಿಂದ ಫೋನು ಬಂತು. ಎಳ್ಳುಬೆಲ್ಲ ತಲುಪಿತೇ ಎಂದು ಕೇಳಿ, ನಮ್ಮಾಕೆಯ ನೆಗಡಿ ವಿಚಾರಿಸಿ, ಇನ್ನೇನು ಇಡುತ್ತಾರೆನ್ನುವಾಗ, "ಅದರ ಮೈಮೇಲೆ ಒಂದು ನಂಬರಿತ್ತಲ್ಲ, ಎಷ್ಟೋ ಅದು?" ಎಂದರು. ಹೇಳಿದೆವು. ಅವರು ಬರೆದುಕೊಳ್ಳುತ್ತಿರುವ ಸದ್ದು ಕೇಳಿಸಿತು.