ಕಾಕನಕೋಟೆಯ ಹಿನ್ನೀರಿನಲ್ಲಿ

ಹೆಗ್ಗಡದೇವನಕೋಟೆಯನ್ನು ಬಿಟ್ಟು, ಅಂತರಸಂತೆಯನ್ನು ಹಾದು ಮಾನಂದವಾಡಿಯ ಹಾದಿಯನ್ನು ಹಿಡಿದರೆ, ಹೊಲಗದ್ದೆಗಳು ಒಂದೊಂದಾಗಿ ಹಿಂದುಳಿದು ಕಾಡು ಇದ್ದಕ್ಕಿದ್ದಂತೆ ಎದುರಾಗುತ್ತದೆ. ಅದೇ ಕಾಕನಕೋಟೆ. ಹಳೆಯ ಮೈಸೂರಿನವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಎರಡು: ಮಾಸ್ತಿಯವರ ನಾಟಕ ಒಂದು, ಖೆಡ್ಡಾ ಇನ್ನೊಂದು. ನಾಟಕವನ್ನು ಓದಿದವರು ಇನ್ನೂ ಅನೇಕರಿದ್ದಾರೆ. ಖೆಡ್ಡಾವನ್ನು ಕಣ್ಣಾರೆ ಕಂಡವರು ವಿರಳರಾಗಿದ್ದಾರೆ.

ಬೇಸಿಗೆಯ ರಜೆಯಲ್ಲಿ ಸಂಸಾರಸಮೇತನಾಗಿ ಅತ್ತ ಹೊರಟಿದ್ದೆ. ದಾರಿಯಲ್ಲಿ ಮೊಮ್ಮಗಳು ಕೇಳಿದಳು: "ತಾತಾ, ರಾಜರೇ ಇಲ್ಲದ ಮೇಲೆ ದಸರಾ ಆನೆ ಯಾರಿಗಾಗಿ ಅಂಬಾರಿ ಹೊರುತ್ತದೆ?" ದೇವಿಗಾಗಿ ಎಂದು ಹೇಳಿದೆ. ಉತ್ತರ ಅವಳಿಗೆ ಸಾಕಾಯಿತು, ನನಗೆ ಸಾಕಾಗಲಿಲ್ಲ.

ಮೈಸೂರಿನ ಪಶ್ಚಿಮಕ್ಕಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಅರಸರ ನೆರಳು ಬೀಳದ ಊರಿಲ್ಲ. ಪಿರಿಯಾಪಟ್ಟಣ ಚಂಗಾಳ್ವರ ರಾಜಧಾನಿಯಾಗಿದ್ದ ಊರು. ಹುಣಸೂರು ಅಮೃತಮಹಲ್ ದನಗಳ ಹೆಸರಿನೊಡನೆ ಸೇರಿಕೊಂಡ ಊರು. ಕೃಷ್ಣರಾಜನಗರವಂತೂ ನಾಲ್ವಡಿಯವರ ಹೆಸರನ್ನೇ ಹೊತ್ತು ನಿಂತಿದೆ. ಆ ನಾಲ್ವಡಿಯವರ ಸೇವೆಗೆ 1908ರ ಸುಮಾರಿನಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಕೆಲಸ ಕಲಿತದ್ದು ಡ್ರೆಸ್ಡನ್ ಬಳಿಯ ಪಿಲ್ನಿಟ್ಸ್‌ನಲ್ಲಿ. ಸ್ಯಾಕ್ಸನಿಯ ಅರಸರ ಬೇಸಿಗೆಯ ಅರಮನೆಯಿರುವ ಊರದು. ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡು ಆತ ಇಲ್ಲೇ ವೃದ್ಧನಾಗಿ, 1956ರಲ್ಲಿ ಇಲ್ಲೇ ಮಣ್ಣಾದ. ಆದರೆ ಜರ್ಮನಿಯ ರಾಜಮನೆತನಗಳ ನೆನಪು ನನಗೆ ಬಂದದ್ದು ತೋಟದಲ್ಲಲ್ಲ, ಕಪಿಲೆಯ ದಡದ ಈ ಕಾಡಿನಲ್ಲಿ. ಅದಕ್ಕೆ ಕಾರಣವುಂಟು, ಮೊದಲು ಖೆಡ್ಡಾದ ವಿಷಯ ಹೇಳಿಬಿಡುತ್ತೇನೆ.

ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆಗಳ ಹಿಂಡನ್ನು ಹಿಡಿಯಲು ಹೋಗಿ ಸೋತು, ಇದು ಯಾರಿಂದಲೂ ಆಗದ ಕೆಲಸ, ಪ್ರಯತ್ನಿಸಿದವರಿಗೆ ನನ್ನ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದನಂತೆ. ಹೀಗೆಂದು ಬರೆದವನು ಆ ಕೆಲಸವನ್ನು ಮಾಡಿಯೇ ತೋರಿಸಿದ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಅವನ ಮೊದಲ ಖೆಡ್ಡಾ ಫಲಿಸಿತು. ಮುಂದೆ ಕಾಕನಕೋಟೆಯೇ ಖೆಡ್ಡಾದ ತವರಾಯಿತು. ತಮಟೆ, ಪಂಜು, ಕೂಗಾಟಗಳಿಂದ ಹಿಂಡನ್ನು ದಿನಗಟ್ಟಲೆ ಸುತ್ತುವರಿದು ಹೊಳೆಯತ್ತ ಅಟ್ಟುವುದು. ಆನೆಗಳು ಗಾಬರಿಯಿಂದ ನೀರಿಗಿಳಿದು ಆಚೆಯ ದಡವನ್ನು ಹತ್ತಿದೊಡನೆ ದಪ್ಪ ಮರದ ದಿಮ್ಮಿಗಳ ಆವರಣದೊಳಕ್ಕೆ ಕೂಡಿ ಬಾಗಿಲನ್ನು ಕೆಡವುವುದು. ಆಮೇಲೆ ಪಳಗಿದ ಆನೆಗಳ ಬೆನ್ನೇರಿ ಒಳಹೊಕ್ಕು, ಒಂದೊಂದರ ಕಾಲಿಗೂ ಕೊರಳಿಗೂ ಹಗ್ಗ ತೊಡಿಸುವುದು. ತಾಯಿಯಿಂದ ಬೇರ್ಪಟ್ಟ ಮರಿಗಳ ಕೂಗನ್ನು ಅಟ್ಟಣೆಯ ಮೇಲೆ ಕುಳಿತ ಅತಿಥಿಗಳು ಚಹಾ ಸೇವಿಸುತ್ತ ಕೇಳಿರಬಹುದು. ಹಿಂಡಿನ ಹೆಜ್ಜೆಯನ್ನು ಹಿಡಿದು ಕಾಡು ಸುತ್ತಿದವರು, ಜೀವದ ಹಂಗು ತೊರೆದು ಆವರಣದೊಳಗೆ ಇಳಿದವರು ಜೇನುಕುರುಬರು, ಬೆಟ್ಟಕುರುಬರು. ಅತಿಥಿಗಳ ಹೆಸರುಗಳು ಗ್ರಂಥಗಳಲ್ಲಿವೆ. ಇವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಅಂಥ ಅತಿಥಿಗಳಲ್ಲಿ ಒಬ್ಬನು, 1906ರಲ್ಲಿ ಕಾರಾಪುರದ ಬೀಡಿಗೆ ಬಂದ ವೇಲ್ಸ್ ರಾಜಕುಮಾರ. ಮುಂದೆ ಚಕ್ರವರ್ತಿಯಾದ ಐದನೆಯ ಜಾರ್ಜ್. ಆಗ ಅವನ ಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ, ಅಪ್ಪಟ ಜರ್ಮನ್ ಹೆಸರು. ಅವನ ಅಜ್ಜ, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್, ಆ ಜರ್ಮನ್ ಮನೆಯವನು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಜಾರ್ಜನ ಸೋದರತ್ತೆಯ ಮಗ. ಜಾರ್ಜ್ ಇಲ್ಲಿ ಖೆಡ್ಡಾ ನೋಡಿ ಹೋದ ಕಾಲದಲ್ಲಿ ಕೈಸರನು ವರ್ಷವರ್ಷವೂ ಪೂರ್ವ ಪ್ರಷ್ಯಾದ ರೊಮಿಂಟನ್ ಕಾಡಿನಲ್ಲಿ, ನಾರ್ವೆಯ ಶೈಲಿಯ ಮರದ ಬಂಗಲೆಯಲ್ಲಿ ತಂಗಿ, ಕೆಂಪು ಸಾರಂಗಗಳ ಬೇಟೆಯಾಡುತ್ತಿದ್ದ.

ಎಂಟೇ ವರ್ಷಗಳಲ್ಲಿ ಮಹಾಯುದ್ಧ ಬಂದು ನೆಂಟರನ್ನು ಶತ್ರುಗಳನ್ನಾಗಿಸಿತು. 1917ರಲ್ಲಿ ಜಾರ್ಜ್ ಜರ್ಮನ್ ಹೆಸರನ್ನು ತೊರೆದು ವಿಂಡ್ಸರ್ ಎಂದಾದ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಅಶ್ವದಳ ತುರ್ಕಿ ಮತ್ತು ಜರ್ಮನ್ ಸೇನೆಗಳ ಕೈಯಲ್ಲಿದ್ದ ಹೈಫಾ ಪಟ್ಟಣದ ಮೇಲೆ ಎರಗಿತು. ಅದೇ ನವೆಂಬರಿನಲ್ಲಿ ಕೈಸರನು ಹಾಲೆಂಡಿಗೆ ಓಡಿಹೋದ. ಅವನೊಡನೆ ಜರ್ಮನಿಯ ಸಣ್ಣಪುಟ್ಟ ರಾಜರೆಲ್ಲರ ಸಿಂಹಾಸನಗಳೂ ಉರುಳಿದವು. ದೇಶಭ್ರಷ್ಟನಾದ ಆ ಬೇಟೆಗಾರ ಉಳಿದ ಆಯುಸ್ಸನ್ನು ಬಹುಪಾಲು ಸೌದೆ ಕಡಿಯುತ್ತ ಕಳೆದನೆಂಬುದು ಪ್ರಸಿದ್ಧ. ಪಿಲ್ನಿಟ್ಸ್ ಅರಮನೆಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಎರಡನೆಯ ಮಹಾಯುದ್ಧದ ಅನಂತರ ರೊಮಿಂಟನ್ನಿನ ಬಂಗಲೆಯ ಒಂದು ಭಾಗವನ್ನು ಕಿತ್ತು ಕಲಿನಿನ್‌ಗ್ರಾಡಿಗೆ ಸಾಗಿಸಿ ಉದ್ಯಾನದ ಕಚೇರಿ ಮಾಡಿದರು. ಆದರೆ ಬೇಟೆಯಲ್ಲಿ ಬಿದ್ದ ಸಾರಂಗದ ಬಾಯಿಗೆ ಹಸುರು ಕುಡಿಯೊಂದನ್ನಿಟ್ಟು, ಅದನ್ನು 'ಕಡೆಯ ತುತ್ತು' ಎಂದು ಕರೆದು ಗೌರವಿಸುವ ಪದ್ಧತಿ ಜರ್ಮನ್ ಬೇಟೆಗಾರರಲ್ಲಿ ಇಂದಿಗೂ ಉಳಿದಿದೆ. ಅರಸು ಹೋದರೂ ಆಚಾರ ಹೋಗಲಿಲ್ಲ.

ಇಲ್ಲಿಯೂ ಹಾಗೆಯೇ ಆಯಿತು. ಅರಸೊತ್ತಿಗೆ ಮುಗಿದ ಮೇಲೂ ಅರಣ್ಯ ಇಲಾಖೆಯವರು ಖೆಡ್ಡಾವನ್ನು ನಡೆಸಿದರು. 1968ರ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ ಒಂದು ಎಳೆಯ ಗಂಡಾನೆಗೆ ಅರ್ಜುನ ಎಂದು ಹೆಸರಿಟ್ಟರು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಅದೇ ವರ್ಷ ರಾಜಧನವೂ ರದ್ದಾಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾದ ಬಯಲನ್ನೂ ಮಾಸ್ತಿಗುಡಿಯನ್ನೂ ನೀರು ಮುಚ್ಚಿತು. ಕಾರಾಪುರದ ಬೇಟೆಯ ಬಂಗಲೆ ಪ್ರವಾಸಿಗಳ ತಂಗುದಾಣವಾಯಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಆನೆ ಪಳಗಿಸುವ ವಿದ್ಯೆ ಬಲ್ಲ ಕುರುಬರಲ್ಲೇ ಎಷ್ಟೋ ಸಂಸಾರಗಳು ತಮ್ಮ ಹಾಡಿಗಳನ್ನು ಬಿಟ್ಟು ಹುಣಸೂರಿನ ಕಡೆಯ ನಾಗಾಪುರದಂಥ ಪುನರ್ವಸತಿ ಊರುಗಳಿಗೆ ಬಂದು ನೆಲಸಬೇಕಾಯಿತು.

ಆದರೂ ಪ್ರತಿವರ್ಷ ದಸರೆಗೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಪೂಜೆ ನಡೆಯುತ್ತದೆ. ಹಿಂದೆ ನಡೆದೇ ಮೈಸೂರು ಸೇರುತ್ತಿದ್ದ ಆನೆಗಳು ಈಗ ಲಾರಿಯಲ್ಲಿ ಹೋಗುತ್ತವೆ. ಮಾವುತರೂ ಕಾವಾಡಿಗಳೂ ಹೆಂಡಿರುಮಕ್ಕಳೊಡನೆ ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಮಕ್ಕಳಿಗೆ ಅಲ್ಲೇ ತಾತ್ಕಾಲಿಕ ಶಾಲೆ. ಅಂಬಾರಿಯ ತೂಕ 750 ಕಿಲೋ. ಅದನ್ನು 18 ಬಾರಿ ಹೊತ್ತ ದ್ರೋಣ 1998ರಲ್ಲಿ ಕಾಡಿನಲ್ಲಿ ಮೇಯುವಾಗ ವಿದ್ಯುತ್ ತಂತಿ ತಗಲಿ ಸತ್ತಿತು. 14 ಬಾರಿ ಹೊತ್ತ ಬಲರಾಮ 2023ರ ಮೇ ತಿಂಗಳಲ್ಲಿ ತೀರಿಕೊಂಡಿತು. ಅರ್ಜುನ 2012ರಿಂದ 2019ರವರೆಗೆ ಎಂಟು ಬಾರಿ ಹೊತ್ತು, ವಯಸ್ಸು ಅರುವತ್ತು ದಾಟಿದ್ದರಿಂದ ಆ ಭಾರದಿಂದ ಬಿಡುಗಡೆ ಪಡೆದು ಬಳ್ಳೆಯ ಶಿಬಿರಕ್ಕೆ ಮರಳಿತು.

ಅಂಬಾರಿಯಿಂದ ಬಿಡುಗಡೆಯಾಯಿತೇ ಹೊರತು ಚಾಕರಿಯಿಂದ ಆಗಲಿಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಅರಣ್ಯದಲ್ಲಿ ಕಾಡಾನೆಯ ಕಾರ್ಯಾಚರಣೆಗೆಂದು ಕರೆದೊಯ್ದ ಅರ್ಜುನ, ಒಂಟಿಸಲಗದೊಡನೆ ಹೋರಾಡಿ ಮಡಿಯಿತು. ಅಲ್ಲೇ ಮಣ್ಣು ಮಾಡಿದರು. ಬಳ್ಳೆಯಲ್ಲೂ ಸ್ಮಾರಕವಾಗಬೇಕೆಂದು ಕೋಟೆಯ ಜನ ಕೇಳಿದರು. ಮಾವುತನು ಗೋಳಾಡಿದ್ದನ್ನು ನಾಡೆಲ್ಲ ಕಂಡಿತು. ಆನೆಯನ್ನು ಕಾಡಿನಿಂದ ಹಿಡಿದು ತಂದ ರಾಜಮರ್ಯಾದೆಯಲ್ಲಿ ನನಗೆ ಅಂಥ ಅಭಿಮಾನವೇನೂ ಇಲ್ಲ. ಆದರೆ ಆ ಮುದಿ ಆನೆಗೆ ಕಡೆಗಾಲದಲ್ಲಿ ಸಲ್ಲಬೇಕಾಗಿದ್ದ ವಿಶ್ರಾಂತಿಯೂ ಸಲ್ಲಲಿಲ್ಲವೆಂಬುದನ್ನು ಮೊಮ್ಮಗಳಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.

ಸಂಜೆ ಹಿನ್ನೀರಿನ ಕಡೆ ಹೋದೆವು. ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು, ಮುಳುಗಿದ್ದ ಖೆಡ್ಡಾದ ಬಯಲಿನ ಸುತ್ತ ಎಳೆಯ ಹುಲ್ಲು ಚಿಗುರುತ್ತದೆ. ಅದನ್ನು ಹುಡುಕಿಕೊಂಡು ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಹಿಂಡುಹಿಂಡಾಗಿ ಬಂದು ಸೇರುತ್ತವೆ. ತಮಟೆಯಿಲ್ಲ, ಪಂಜಿಲ್ಲ. ಮೊಮ್ಮಗಳು ಎಣಿಸತೊಡಗಿದಳು. ನಲವತ್ತರವರೆಗೆ ಬಂದಾಗ ಮರಿಯೊಂದು ತಾಯಿಯ ಕಾಲುಗಳ ನಡುವೆ ಮರೆಯಾಯಿತು. ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದಳು.