ಘಾಟಿ ರಸ್ತೆ, ಹಳೆಯ ಕಾರು ಮತ್ತು ಬಿದಿರಿನ ಕಡ್ಡಿ

ಸಾಗರ, ಹೊಸನಗರ, ತೀರ್ಥಹಳ್ಳಿ. ಈ ಮೂರು ತಾಲ್ಲೂಕುಗಳಿಂದ ಕರಾವಳಿಗೆ ಹೊರಟವರಿಗೆ ಘಟ್ಟ ಇಳಿಯದೆ ವಿಧಿಯಿಲ್ಲ. ಸಾಗರದವರಿಗೆ ಕೊಲ್ಲೂರಿನ ದಾರಿಯ ನಾಗೋಡಿ, ಹೊಸನಗರದವರಿಗೆ ಮಾಸ್ತಿಕಟ್ಟೆಯಾಚೆಯ ಹುಲಿಕಲ್, ತೀರ್ಥಹಳ್ಳಿಯವರಿಗೆ 14 ತಿರುವುಗಳ ಆಗುಂಬೆ. ಹುಲಿಕಲ್‌ನ ಚಂಡಿಕಾಂಬ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯುವವರ ಭಕ್ತಿಯಲ್ಲಿ ಬ್ರೇಕಿನ ಮೇಲಿನ ಅನುಮಾನವೂ ತುಸು ಬೆರೆತಿದ್ದರೆ ಆಶ್ಚರ್ಯವಿಲ್ಲ.

ಹಳೆಯ ಕಾರಾದರೆ ಆ ಅನುಮಾನ ನ್ಯಾಯವಾದದ್ದೇ. ನಾಲ್ಕು ತಿಂಗಳ ಮಳೆಯಲ್ಲಿ ಕೊಟ್ಟಿಗೆಯ ಪಕ್ಕ ನಿಂತ ಗಾಡಿಯ ಬ್ರೇಕ್ ಪಿಸ್ಟನ್ನಿಗೆ ತುಕ್ಕು ಹಿಡಿದು ಅದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಬ್ರೇಕ್ ಎಣ್ಣೆಗೂ ಗಾಳಿಯ ತೇವವನ್ನು ಹೀರುವ ಚಾಳಿ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ಕಾಲು ನೆಲಕ್ಕೆ ಹೋಗುವುದು ಹೀಗೆ. ಮುಚ್ಚಳ ಬಿಚ್ಚಿದ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲಿಡುವುದು ಮಲೆನಾಡಿನಲ್ಲಂತೂ ಸಲ್ಲದು.

ರಿಪೇರಿಗೆ ಕೈಹಚ್ಚುವ ಮೊದಲು ಗಾಲಿಯೊಳಗೆ ಏನಿದೆಯೆಂದು ತಿಳಿಯಬೇಕು. ಹಳೆಯ ಜೀಪು, ಮೊದಮೊದಲಿನ ಅಂಬಾಸಿಡರ್, ಪದ್ಮಿನಿಗಳಲ್ಲಿ ಇರುವುದು ಡ್ರಮ್ ಬ್ರೇಕು. ಅಲ್ಲಿ ಕ್ಯಾಲಿಪರ್ ಎಂಬುದೇ ಇಲ್ಲ, ಇರುವುದು ವೀಲ್ ಸಿಲಿಂಡರ್. ಮುಂಗಾಲಿಗಳ ಡಿಸ್ಕ್ ಬ್ರೇಕನ್ನು ಮನೆಮನೆಗೆ ಪರಿಚಯಿಸಿದ್ದು ಮಾರುತಿ 800. (2021ರ ಸರ್ಕಾರಿ ನಿಯಮದಂತೆ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. 1983ರಲ್ಲಿ ಹುಟ್ಟಿದ ಮಾರುತಿಗೆ ಆ ಪಟ್ಟ ಇನ್ನೂ ದೂರ.) ಈ ಭೇದ ಸಲಕರಣೆಗೂ ಉಂಟು. ವೀಲ್ ಸಿಲಿಂಡರಿನಲ್ಲಿ ರಬ್ಬರು ಪಿಸ್ಟನ್ನಿನ ಜೊತೆ ಓಡಾಡುತ್ತದೆ, ಆದ್ದರಿಂದ ಸಿಲಿಂಡರಿನ ಒಳಮೈ ಕನ್ನಡಿಯಂತಿರಬೇಕು. ಅದಕ್ಕೆ ಹೋನ್ ಬೇಕು. ಕ್ಯಾಲಿಪರಿನಲ್ಲಿ ರಬ್ಬರು ಗೋಡೆಯ ಗಾಡಿಯೊಳಗೆ ಕೂತಿರುತ್ತದೆ, ನುಣುಪಾಗಿರಬೇಕಾದ್ದು ಪಿಸ್ಟನ್ನು. ಅದಕ್ಕೆ ಗುಳಿ ಬಿದ್ದಿದ್ದರೆ ಹೋನ್ ಏನೂ ಮಾಡದು, ಹೊಸದನ್ನೇ ತರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸುವುದು ಒಂದು ದಾರಿ.

ಇನ್ನು ಸ್ಪ್ಯಾನರಿನ ವಿಚಾರ. ಜೀಪು, ಅಂಬಾಸಿಡರ್‌ಗಳ ನಟ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚೆಂದರೆ 12.7 ಮಿ.ಮೀ. ಇಂದಿನ ಪೆಟ್ಟಿಗೆಯಲ್ಲಿ ಸಿಗುವ 13ರ ಸ್ಪ್ಯಾನರ್ ಅದಕ್ಕೆ ಸಡಿಲ. ತುಕ್ಕು ಹಿಡಿದ ನಟ್ಟಿನ ಮೂಲೆ ಸವೆದು ದುಂಡಗಾಗಲು ಆ 0.3 ಮಿ.ಮೀ. ಸಾಕು. ಪಾತಾಳಗರಡಿ ಹಾಕಿ ಹುಡುಕಿಯಾದರೂ ಹಳೆಯ ಇಂಚಿನ ಸೆಟ್ಟೊಂದನ್ನು ಸಂಪಾದಿಸುವುದು ಒಳ್ಳೆಯದು. ಬ್ರೇಕ್ ಪೈಪಿನ ನಟ್ಟಿಗೆ ಪೈಪು ತೂರುವಷ್ಟು ಬಾಯಿ ಬಿಟ್ಟ ರಿಂಗ್ ಸ್ಪ್ಯಾನರೇ ಆಗಬೇಕು. ಬ್ಲೀಡ್ ನಿಪ್ಪಲ್ಲಿಗೆ ಆರು ಮೂಲೆಯ ಸಾಕೆಟ್.

ಕಚ್ಚಿಕೊಂಡ ಪಿಸ್ಟನ್ನನ್ನು ಹೊರತರಲು ಅತಿ ಸುಲಭದ ಸಲಕರಣೆ ಕಾರಿನಲ್ಲೇ ಇದೆ: ಪೈಪು ಬಿಚ್ಚುವ ಮೊದಲು ಪೆಡಲನ್ನು ಮೆಲ್ಲಗೆ ಒತ್ತಿದರೆ ಎಣ್ಣೆಯೇ ಅದನ್ನು ದೂಡುತ್ತದೆ. ಅವಸರದವರು ಪಂಕ್ಚರ್ ಅಂಗಡಿಯ ಗಾಳಿ ಬಿಡುತ್ತಾರೆ. ನೂರು ಪೌಂಡ್ ಒತ್ತಡದ ಗಾಳಿ 5 ಸೆಂ.ಮೀ. ಅಗಲದ ಪಿಸ್ಟನ್ನನ್ನು 130 ಕಿಲೋಗೂ ಮಿಕ್ಕಿದ ಬಲದಿಂದ ತಳ್ಳುತ್ತದೆ, ಹೆಚ್ಚುಕಡಿಮೆ ಎರಡು ಚೀಲ ಅಡಿಕೆಯ ಭಾರ. ಎದುರಿಗೆ ಮರದ ತುಂಡಿರಬೇಕು, ಬೆರಳು ಇರಬಾರದು.

ಒಳಗಿನ ಚೌಕ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಮೀಟುವವರೇ ಹೆಚ್ಚು. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ರಬ್ಬರೇ. ಅದು ಕೂರುವ ಗಾಡಿಗೆ ಗೀರು ಬಿದ್ದರೆ ಎಣ್ಣೆ ಸೋರಲು ಹಾದಿಯಾಯಿತು. ಇದಕ್ಕೆ ದುಬಾರಿ ಉಪಕರಣ ಬೇಡ. ಹಿತ್ತಲ ಬಿದಿರಿನ ಕಡ್ಡಿಯನ್ನು ಚೂಪಾಗಿ ಕೆತ್ತಿದರೆ ಆಯಿತು. ಗಂಧದ ಮರದಲ್ಲಿ ಕೂದಲಷ್ಟು ನಯದ ಗೆರೆ ತೆಗೆಯುವ ಸಾಗರದ ಗುಡಿಗಾರರಿಗೆ ಇಂಥ ಮಾತನ್ನು ವಿವರಿಸಬೇಕಿಲ್ಲ. ಗಾಡಿಯನ್ನು ತೊಳೆಯಲು ಸೀಮೆಎಣ್ಣೆ, ಪೆಟ್ರೋಲು ಕೂಡದು, ರಬ್ಬರು ಉಬ್ಬುತ್ತದೆ. ಹೊಸ ಬ್ರೇಕ್ ಎಣ್ಣೆಯಲ್ಲೇ ತೊಳೆದು, ಜೋಡಿಸುವಾಗ ರಬ್ಬರಿಗೆಂದೇ ತಯಾರಾದ ಗ್ರೀಸ್ ಹಚ್ಚಬೇಕು. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಮರೆಯುವವರಿದ್ದಾರೆ. ಅವು ಬಿಗಿದರೆ ಒಂದೇ ಪ್ಯಾಡು ಸವೆದು, ಗಾಡಿ ಒಂದು ಬದಿಗೆ ಎಳೆಯುತ್ತದೆ.

ಜೋಡಿಸಿ, ಗಾಳಿ ತೆಗೆದು, ಪೆಡಲ್ ಗಟ್ಟಿಯಾದ ಮೇಲೂ ನೇರ ಘಟ್ಟಕ್ಕೆ ಇಳಿಸುವಂತಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 30 ಕಿ.ಮೀ. ದಾರಿ. ನಡುವೆ ಎರಡು ಸಲ ನಿಲ್ಲಿಸಿ, ಯಾವುದಾದರೂ ಒಂದು ಗಾಲಿ ಮಾತ್ರ ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ.